ಸಹಾಯ ಬೇಕು: ಕ್ರಾಕಾವರ್ ಬಗ್ಗೆ ಕೆಲಸ ಮಾಡಿದವರು ಯಾರಾದ್ರೂ ಇದ್ದೀರಾ?

ನಮಸ್ಕಾರ. ಜರ್ಮನ್ ಲೇಖಕ, ಸಿನಿಮಾ ಚಿಂತಕ ಸೀಗ್‌ಫ್ರೀಡ್ ಕ್ರಾಕಾವರ್ ಬಗ್ಗೆ ಪಿಎಚ್‌ಡಿ ಪ್ರಸ್ತಾವನೆ ಬರೆಯುತ್ತಿದ್ದೇನೆ. ಅವರು ಓದಿದ್ದು ಆರ್ಕಿಟೆಕ್ಚರ್, ಆಮೇಲೆ ಪತ್ರಿಕೆಗೆ ಬರ್ಲಿನ್ನಿನ ಬೀದಿ, ಸಿನಿಮಾ ಥಿಯೇಟರ್‌ಗಳ ಬಗ್ಗೆ ಬರೆದರು, 1933ರಲ್ಲಿ ಪ್ಯಾರಿಸ್‌ಗೆ, 1941ರಲ್ಲಿ ನ್ಯೂಯಾರ್ಕ್‌ಗೆ ಓಡಬೇಕಾಯಿತು. ಅಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಫಿಲ್ಮ್ ಲೈಬ್ರರಿಯಲ್ಲಿ ಕೂತು ನಾಜಿಗಳ ಯುದ್ಧಚಿತ್ರಗಳು ಜನರನ್ನು ಹೇಗೆ ನಂಬಿಸುತ್ತವೆ ಅಂತ ಬಿಡಿಸಿ ನೋಡಿದರು. ಇಷ್ಟಾದರೂ ಪ್ರೊಫೆಸರ್ ಹುದ್ದೆ ಮಾತ್ರ ಸಿಗಲೇ ಇಲ್ಲ, ನೋಡಿ!

ನಗರ ಅಥವಾ ಯುದ್ಧ, ಒಂದನ್ನೇ ಆರಿಸಿಕೋ ಅಂತಾರೆ ಗೈಡ್. ಎರಡನ್ನೂ ಬೇರೆ ಮಾಡಿದರೆ ಕ್ರಾಕಾವರ್ ಕೆಲಸವೇ ಅರ್ಥವಾಗಲ್ಲ ಅನ್ನೋದು ನನ್ನ ವಾದ. ನೀವಾದರೆ ಹೇಗೆ ಒಪ್ಪಿಸುತ್ತಿದ್ದಿರಿ? ಇನ್ನೊಂದು, ಅವರ ಪತ್ರಿಕಾ ಬರಹ ಓದಲು ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಎಷ್ಟು ಹಂತ ಕಲಿತರೆ ಸಾಕು? ಅನುವಾದ ನೆಚ್ಚಿಕೊಂಡು ಪಿಎಚ್‌ಡಿ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.