ಪದಚರ್ಚೆ: ‘ರೀಡ್ ಓನ್ಲಿ’, ‘ರಿಟ್ರೀವ್’ ಎರಡಕ್ಕೂ ಕನ್ನಡ ಬೇಕು, ಇವತ್ತು ಸಂಜೆಯೊಳಗೆ

ಪ್ರಶ್ನೆ (ವೈಟ್‌ಫೀಲ್ಡ್)

ನಮಸ್ಕಾರ. ಕಟ್ಟಡ ಕಾಮಗಾರಿಯ ದಾಖಲೆಗಳನ್ನು ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ) ಮೂಲಕ ತಂದುಕೊಡುವ ಟೂಲ್ ಒಂದರ ಕೈಪಿಡಿ ಕನ್ನಡಕ್ಕೆ ಆಗುತ್ತಿದೆ. ಓದುವವರು ಸೈಟ್ ಎಂಜಿನಿಯರುಗಳು ಮತ್ತು ಬಿಲ್ಲಿಂಗ್‌ನವರು. ಟೂಲ್ ‘ಗೆಟ್’ (ಕೊಡು ಎಂದು ಕೇಳುವ ಆಜ್ಞೆ) ಬಿಟ್ಟು ಬೇರೇನನ್ನೂ ಕಳಿಸುವುದಿಲ್ಲ. ಸೇರಿಸುವ, ತಿದ್ದುವ, ಅಳಿಸುವ ಪೋಸ್ಟ್, ಪ್ಯಾಚ್, ಡಿಲೀಟ್ ಕೋಡಿನಲ್ಲೇ ಇಲ್ಲ. ತರುವುದು ಡ್ರಾಯಿಂಗ್, ಆರ್‌ಎಫ್‌ಐ (ವಿವರ ಕೇಳಿ ಸೈಟಿನಿಂದ ಬರೆಯುವ ಪತ್ರ), ದೈನಂದಿನ ವರದಿ, ಅಳತೆ ಪುಸ್ತಕದ ಸ್ಕ್ಯಾನ್.

ಕರಡು ವಾಕ್ಯ: “ಈ ಓದಲು-ಮಾತ್ರ ಉಪಕರಣವು ಯೋಜನೆಯ ದಾಖಲೆಗಳನ್ನು ಹಿಂಪಡೆಯುತ್ತದೆ.” ಗುಂಡಿಯ ಮೇಲೆ “ಹಿಂಪಡೆ”. ಗುಂಡಿಯಲ್ಲಿ 7 ಅಕ್ಷರ ಹಿಡಿಸುತ್ತದೆ, ಅಷ್ಟೇ.

ಉತ್ತರ (ರಾಜಾಜಿನಗರ)

‘ಹಿಂಪಡೆ’ ಬೇಡವೇ ಬೇಡ. ನಾಮಪತ್ರ ಹಿಂಪಡೆಯುತ್ತಾರೆ, ದೂರು ಹಿಂಪಡೆಯುತ್ತಾರೆ, ಟೆಂಡರ್ ಹಿಂಪಡೆಯುತ್ತಾರೆ. ಬಿಲ್ಲಿನ ಪಕ್ಕ “ಹಿಂಪಡೆ” ಎಂಬ ಗುಂಡಿ ಕಂಡರೆ ಬಿಲ್ಲಿಂಗ್‌ನವರು ಅದನ್ನು ಮುಟ್ಟುವುದೇ ಇಲ್ಲ, ಕೊಟ್ಟ ಬಿಲ್ಲು ವಾಪಸ್ ಹೋದೀತೆಂಬ ಭಯಕ್ಕೆ. ‘ತೆಗೆ’ಯೂ ಅಷ್ಟೇ: ದಾಖಲೆ ತೆಗೆ ಎಂದರೆ ಹೊರಗೆ ತೆಗೆಯುವುದೋ, ಅಳಿಸಿಹಾಕುವುದೋ? ತಿದ್ದಲು ಬಾರದ ಟೂಲ್‌ಗೆ ಅಳಿಸುವ ವಾಸನೆಯ ಕ್ರಿಯಾಪದ ಯಾಕೆ?

ಉತ್ತರ (ಜಯನಗರ)

‘ರೀಡ್ ಓನ್ಲಿ’ಗೆ “ಬರೀ ಓದು”. ಅಚ್ಚಗನ್ನಡ, ನಾಲ್ಕೇ ಅಕ್ಷರ. ಮುಗಿಯಿತಲ್ಲ?

ಉತ್ತರ (ರಾಜಾಜಿನಗರ)

ಮುಗಿಯಲಿಲ್ಲ. ಬೆಂಗಳೂರಿನ ಬಾಯಲ್ಲಿ ‘ಬರೀ’ ಎಂದರೆ ‘ಕೇವಲ’ವೂ ಹೌದು, ‘ಬರೆ’ಯೂ ಹೌದು. ಬರೆಯಲು ಬಿಡದ ಟೂಲ್‌ನ ಮೇಲೆ “ಬರೀ, ಓದು” ಎಂದು ಬೋರ್ಡು ಹಾಕಿದಂತಾಗುತ್ತದೆ.

ಉತ್ತರ (ಬಸವನಗುಡಿ)

ಮೂಲದಲ್ಲೇ ತಪ್ಪಿದೆ. ‘ದಾಖಲೆ’ ಅರಬ್ಬಿಯ ‘ದಾಖಿಲ್’, ಒಳಹೊಕ್ಕದ್ದು ಎಂದರ್ಥ. ಆಸ್ಪತ್ರೆಗೆ ದಾಖಲಾಗುವುದೂ ಅದೇ ಪದ. ನಮ್ಮದೇ ‘ಕಡತ’ ಇರುವಾಗ ಪರಭಾಷೆಯ ಬಾಗಿಲು ತಟ್ಟುವುದೇಕೆ? “ಕಡತವನ್ನು ಹೊರತೆಗೆ” ಎಂದರೆ ಸಾಕು.

ಉತ್ತರ (ವಿಜಯನಗರ)

ಗುಂಡಿಗೆ ಏಳೇ ಅಕ್ಷರ ಅಂದಿದ್ದಾರೆ, ನಿಮ್ಮದು ಒಂಬತ್ತು.

ಕಡತ ಏನೆಂದು ನೆನಪಿಸಿಕೊಳ್ಳಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ವಸ್ತು. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳಿವೆ. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ‘ರೀಡ್ ಓನ್ಲಿ’ಗೆ ಇದಕ್ಕಿಂತ ಎದುರಾದ ಪದ ಹುಡುಕಿದರೂ ಸಿಗದು! ಮೇಲಾಗಿ ಇಂದಿನ ಕಚೇರಿಯಲ್ಲಿ ಕಡತ ಎಂದರೆ ಫೈಲು. ಈ ಎಪಿಐಯಲ್ಲಿ ಆರ್‌ಎಫ್‌ಐ ಒಂದು ದಾಖಲೆ, ಅದಕ್ಕೆ ಅಂಟಿದ ಮೂರು ಪಿಡಿಎಫ್ ಮೂರು ಕಡತ. ಎರಡಕ್ಕೂ ಒಂದೇ ಪದವಾದರೆ ಕೈಪಿಡಿ ಕೆಟ್ಟಿತು.

ಇನ್ನು ‘ಓದಲು-ಮಾತ್ರ ಉಪಕರಣ’. ಮಾತ್ರ ಅವ್ಯಯ, ಹೀಗೆ ನಾಮಪದದ ಹಿಂದೆ ವಿಶೇಷಣದಂತೆ ಕೂರುವುದಿಲ್ಲ. ನಡುವೆ ಇಟ್ಟ ಅಡ್ಡಗೆರೆ ಇಂಗ್ಲಿಷಿನದು. ‘ತಿದ್ದಲಾಗದ ದಾಖಲೆ’ ಎಂದೂ ಬರೆಯಬೇಡಿ, ಅದು ಸುಳ್ಳು. ದಾಖಲೆಯನ್ನು ಬೇರೆಯವರು ವೆಬ್‌ನಲ್ಲಿ ತಿದ್ದುತ್ತಲೇ ಇರುತ್ತಾರೆ. ಬೆಳಗ್ಗೆ ತರಿಸಿದ ಡ್ರಾಯಿಂಗಿಗೆ ಮಧ್ಯಾಹ್ನ ಹೊಸ ರಿವಿಷನ್ ಬಂದಿರಬಹುದು. ತಿದ್ದಲಾಗದ್ದು ಈ ಬಾಗಿಲಿನಿಂದ, ಅಷ್ಟೇ. ಆದ್ದರಿಂದ ಮಿತಿಯನ್ನು ಟೋಕನ್ನಿನ (ಟೂಲ್ ಸರ್ವರಿಗೆ ತೋರಿಸುವ ಪ್ರವೇಶ ಚೀಟಿಯ) ಮೇಲೆ ಹೇರಿ: “ಈ ಟೋಕನ್ನಿಗೆ ಓದುವ ಅನುಮತಿ ಮಾತ್ರ ಇದೆ.”

ಕ್ರಿಯಾಪದಕ್ಕೆ ‘ನಕಲು ತರಿಸು’. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ನಡೆಯುವುದೂ ಇದೇ: ಮೂಲ ಅಲ್ಲೇ ಉಳಿಯುತ್ತದೆ, ಕೈಗೆ ಬರುವುದು ನಕಲು. ‘ತರು’ ಅಲ್ಲ, ‘ತರಿಸು’. ಕೇಳುವವರು ನಾವು, ಕೊಡುವುದು ಸರ್ವರ್.

ಉತ್ತರ (ಬಸವನಗುಡಿ)

ನಕಲು ಕೂಡ ಅರಬ್ಬಿಯೇ. ಒಂದನ್ನು ಓಡಿಸಿ ಇನ್ನೊಂದನ್ನು ಕರೆತಂದಿರಿ.

ಉತ್ತರ (ವಿಜಯನಗರ)

ಓಡಿಸಿದವರು ಯಾರು? ದಾಖಲೆಯೂ ಇರಲಿ ಎಂದೇ ಹೇಳಿದ್ದು. ನಕ್ಷೆ, ಕಚೇರಿ, ಕಾಮಗಾರಿ, ಮೇಸ್ತ್ರಿ ಎಲ್ಲವನ್ನೂ ಹೊರಗೆ ಹಾಕಿದರೆ ಸೈಟಿನಲ್ಲಿ ಮರಳು, ಕಲ್ಲು, ಕಂಬಿ, ಗುತ್ತಿಗೆ ಉಳಿದಾವು. ಅಷ್ಟರಲ್ಲಿ ಕೈಪಿಡಿ ಬರೆದು ತೋರಿಸಿ.

ಉತ್ತರ (ಮಲ್ಲೇಶ್ವರ)

ಜಗಳದ ನಡುವೆ ಕೈಪಿಡಿ ಮರೆಯಬೇಡಿ. ತಪ್ಪುಸಂದೇಶಗಳ ಕನ್ನಡವೇ ಹೆಚ್ಚು ತೊಂದರೆ ಕೊಡುವುದು. ಸರ್ವರ್ ಕಳಿಸುವ 401, 403 ಎಂಬ ತಪ್ಪುಸಂಖ್ಯೆಗಳೆರಡಕ್ಕೂ “ಪ್ರವೇಶ ನಿರಾಕರಿಸಲಾಗಿದೆ” ಎಂದೇ ಬರೆದುಬಿಡುತ್ತಾರೆ. 401 ಬಂದರೆ ಟೋಕನ್ ಹಳತಾಗಿದೆ ಅಥವಾ ತಪ್ಪಾಗಿದೆ, ಹೊಸದು ಪಡೆಯಬೇಕು. 403 ಎಂದರೆ ಟೋಕನ್ ಸರಿಯಿದೆ, ಆ ಕಾಮಗಾರಿಗೆ ಅನುಮತಿ ಇಲ್ಲ. ಎರಡಕ್ಕೂ ಒಂದೇ ವಾಕ್ಯ ಹಾಕಿದರೆ ಅನುಮತಿ ಕೇಳಬೇಕಾದವರು ಟೋಕನ್ ಬದಲಿಸುತ್ತಾ ಕೂರುತ್ತಾರೆ. 429ಕ್ಕೆ “ಕರೆಗಳು ಹೆಚ್ಚಾದವು, ಇಷ್ಟು ಸೆಕೆಂಡು ತಾಳಿ” ಎನ್ನಿ. ಸೆಕೆಂಡಿನ ಲೆಕ್ಕ ‘ರಿಟ್ರೈ ಆಫ್ಟರ್’ ಹೆಡರಿನಲ್ಲಿ ಬಂದರೆ ಅಲ್ಲಿಂದಲೇ ತೆಗೆದುಕೊಳ್ಳಿ.

ಖಾಲಿ ಪಟ್ಟಿಗೆ “ದಾಖಲೆಗಳಿಲ್ಲ” ಎಂದು ಹಾಕಬೇಡಿ. ಕೆಲವು ಸರ್ವರುಗಳು ಅನುಮತಿ ಇಲ್ಲದ್ದನ್ನು ಸದ್ದಿಲ್ಲದೆ ಮುಚ್ಚಿಟ್ಟು 200 (‘ಎಲ್ಲ ಸರಿ’ ಎಂಬ ಸಂಖ್ಯೆ) ಕಳಿಸುತ್ತವೆ. “ನಿಮಗೆ ಕಾಣುವಂಥ ದಾಖಲೆಗಳಿಲ್ಲ” ಎಂದರೆ ನಿಜ ಹೇಳಿದಂತಾಯಿತು.

ಎಪಿಐ ‘ರಿಕ್ವೆಸ್ಟ್’ಗೆ ಕೋರಿಕೆ ಎಂದೂ ಆರ್‌ಎಫ್‌ಐಗೆ ಮಾಹಿತಿ ಕೋರಿಕೆ ಎಂದೂ ಇಟ್ಟರೆ “ಕೋರಿಕೆಗಳನ್ನು ಪಡೆಯಲು ಕೋರಿಕೆ ಕಳಿಸಿ” ಎಂಬ ವಾಕ್ಯ ಹುಟ್ಟುತ್ತದೆ. ಮೊದಲನೆಯದು ‘ಕರೆ’. ಎರಡನೆಯದನ್ನು ಆರ್‌ಎಫ್‌ಐ ಎಂದೇ ಬಿಡಿ. ತೊಲೆಗೆ 16 ಎಂಎಂ ಕಂಬಿಯೋ 20 ಎಂಎಂ ಕಂಬಿಯೋ ಎಂದು ಕೇಳುವ ಪತ್ರವನ್ನು ಸೈಟಿನಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ‘ಮಾಹಿತಿ’ ಸೇರಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಅಂದುಕೊಳ್ಳುತ್ತಾರೆ.

‘ದಿನಾಂಕ’ದ ಪಕ್ಕ ಯುಟಿಸಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಬರೆಯಲೇಬೇಕು. 12ನೇ ತಾರೀಖು ನಸುಕಿನ 2 ಗಂಟೆಗೆ ಹಾಕಿದ ಸ್ಲ್ಯಾಬ್ ಕಾಂಕ್ರೀಟು ಯುಟಿಸಿಯಲ್ಲಿ 11ರ ರಾತ್ರಿ 8:30. 12ರ ವರದಿ ತರಿಸಿದವರಿಗೆ ಕಾಂಕ್ರೀಟೇ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರಿಂದ (ವೈಟ್‌ಫೀಲ್ಡ್)

ಎಲ್ಲರಿಗೂ ಧನ್ಯವಾದ. ಗುಂಡಿಗೆ “ನಕಲು ತರಿಸು”, ಆರು ಅಕ್ಷರ. ವಾಕ್ಯ ಹೀಗಾಗಿದೆ: “ಈ ಟೂಲ್ ಕಾಮಗಾರಿಯ ದಾಖಲೆಗಳ ನಕಲನ್ನು ತರಿಸಿಕೊಡುತ್ತದೆ. ಮೂಲವನ್ನು ಇಲ್ಲಿಂದ ತಿದ್ದಲು, ಅಳಿಸಲು ಬರುವುದಿಲ್ಲ.” ‘ಯೋಜನೆ’ಯನ್ನೂ ಬಿಟ್ಟಿದ್ದೇನೆ, ಸರ್ಕಾರಿ ಸ್ಕೀಮಿನಂತೆ ಕೇಳಿಸುತ್ತಿತ್ತು.

ಉತ್ತರ (ಬಸವನಗುಡಿ)

‘ಟೂಲ್’ಗೆ ಸಲಕರಣೆ ಅನ್ನಬಹುದಿತ್ತು.

ಉತ್ತರ (ಜಯನಗರ)

ಸಲಕರಣೆ ಎಂದರೆ ಸೈಟಿನಲ್ಲಿ ಕರಣೆ ತಂದುಕೊಡುತ್ತಾರೆ.