ಚಳಿ, ಗಾಳಿ, ಮಳೆ ಮೂರಕ್ಕೂ ಒಂದೇ ಸೈಕ್ಲಿಂಗ್ ಜಾಕೆಟ್ ಸಾಕಾಗುತ್ತಾ?

ಬೆಳಗಿನ_ಸವಾರ

ಎಲ್ಲರಿಗೂ ನಮಸ್ಕಾರ. ಒಂದು ಜಾಕೆಟ್ ತಗೋಬೇಕು ಅಂತ ಮೂರು ವಾರದಿಂದ ಹುಡುಕುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ವಾರದ ದಿನಗಳಲ್ಲಿ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುತ್ತೇನೆ, ಸುಮಾರು 45 ನಿಮಿಷ. ಭಾನುವಾರ ನಾಲ್ಕು ಗಂಟೆಯ ಸವಾರಿ, ಅದರಲ್ಲಿ ಒಂದು ಉದ್ದನೆಯ ಏರು, ಆಮೇಲೆ ಅಷ್ಟೇ ಉದ್ದದ ಇಳಿಜಾರು. ಹೊರಡುವಾಗ 4–5 ಡಿಗ್ರಿ ಇರುತ್ತದೆ, ಮನೆಗೆ ವಾಪಸ್ ಬರುವ ಹೊತ್ತಿಗೆ 12 ದಾಟಿರುತ್ತದೆ. ನಡುವೆ ಮಳೆ ಯಾವಾಗ ಬರುತ್ತದೆ ಅಂತ ಹೇಳೋಕೇ ಆಗಲ್ಲ.

ಈಗ ನನ್ನ ಹತ್ತಿರ ಇರುವುದು ತೆಳ್ಳನೆಯ ಪ್ಲಾಸ್ಟಿಕ್‌ನಂಥ ಒಂದು ಮಳೆ ಜಾಕೆಟ್. ಹೊರಗಿನ ನೀರು ಒಂದು ಹನಿಯೂ ಒಳಗೆ ಬರಲ್ಲ. ಆದರೆ ಏರು ಮುಗಿಯುವಷ್ಟರಲ್ಲಿ ಒಳಗಿನ ಬನಿಯನ್ ಹಿಂಡಿದರೆ ನೀರು ಸುರಿಯಬೇಕು, ಅಷ್ಟು ಬೆವರು. ಹೋದ ಭಾನುವಾರ ಹಾಗೇ ಇಳಿಜಾರಿಗೆ ಬಿಟ್ಟೆ. ಅರ್ಧ ಇಳಿಯುವಷ್ಟರಲ್ಲಿ ಮೈ ನಡುಗಿ ಹ್ಯಾಂಡಲ್ ಅಲ್ಲಾಡತೊಡಗಿತು, ಬೆರಳು ಬ್ರೇಕ್ ಎಳೆಯುವಷ್ಟೂ ಮಡಚುತ್ತಿರಲಿಲ್ಲ. ನಿಜವಾಗಿ ಹೆದರಿಕೆ ಆಯಿತು. ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಕೈ ಉಜ್ಜಿಕೊಂಡು ಆಮೇಲೆ ಹೊರಟೆ.

ಸಾಫ್ಟ್‌ಶೆಲ್ (ಗಾಳಿ ತಡೆಯುವ, ಮೆತ್ತನೆಯ ಬೆಚ್ಚನೆ ಜಾಕೆಟ್) ತಗೊಳ್ಳಲಾ, ಹಾರ್ಡ್‌ಶೆಲ್ (ನೀರು ಪೂರ್ತಿ ತಡೆಯುವ ಜಾಕೆಟ್) ತಗೊಳ್ಳಲಾ? ಜಾಕೆಟ್ ಮೇಲೆ 10,000, 20,000 ಅಂತ ಬರೆದಿರುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು? ಎರಡು ಜಾಕೆಟ್ ಇಟ್ಟುಕೊಳ್ಳುವ ಆಸೆ ಇಲ್ಲ, ಒಂದರಲ್ಲೇ ಆಗುತ್ತೆ ಅಂದರೆ ಅದೇ ಬೇಕು.

ಏರುದಾರಿ

ಮೊದಲು ಒಂದು ಮಾತು: ಮೈ ನಡುಗುತ್ತಿದ್ದಾಗ ನೀವು ನಿಲ್ಲಿಸಿದ್ದು ಒಳ್ಳೆಯದಾಯಿತು. ಬ್ರೇಕ್ ಹಿಡಿಯಲಾಗದ ಕೈಯಲ್ಲಿ ಇಳಿಜಾರು ಇಳಿಯಬಾರದು, ಎಷ್ಟೇ ತಡವಾದರೂ ಸರಿ.

ನಿಮ್ಮನ್ನು ನಡುಗಿಸಿದ್ದು ಮಳೆ ಅಲ್ಲ, ಬೆವರು. ಪೆಡಲ್ ಮಾಡುವಾಗ ಮೈ ಸುಡುವ ಶಕ್ತಿಯಲ್ಲಿ ಚಕ್ರಕ್ಕೆ ಹೋಗುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಶಾಖ. ಅಂದರೆ 200 ವ್ಯಾಟ್‌ನಲ್ಲಿ ಏರು ಹತ್ತುತ್ತಿದ್ದರೆ ಸುಮಾರು 600 ವ್ಯಾಟ್ ಶಾಖ ಮೈಯಿಂದ ಹೊರಗೆ ಹೋಗಬೇಕು. ಅದಕ್ಕೆ ದಾರಿ ಕೊಡದ ಜಾಕೆಟ್ ಹಾಕಿದರೆ ಬೆವರು ಒಳಗೇ ನಿಲ್ಲುತ್ತದೆ. ತುದಿ ಮುಟ್ಟಿ ಇಳಿಯಲು ಶುರು ಮಾಡಿದ ಕೂಡಲೇ ಪೆಡಲ್ ನಿಲ್ಲುತ್ತದೆ, ಶಾಖ ಹುಟ್ಟುವುದು ಇದ್ದಕ್ಕಿದ್ದಂತೆ ಕಡಿಮೆ ಆಗುತ್ತದೆ, ಅದೇ ಹೊತ್ತಿಗೆ ಗಾಳಿ ಹೊಡೆಯುತ್ತದೆ. ವಿಂಡ್‌ಚಿಲ್, ಅಂದರೆ ಗಾಳಿಯಿಂದ ಜಾಸ್ತಿ ಅನ್ನಿಸುವ ಚಳಿಯ ಲೆಕ್ಕ ಹಾಕಿದರೆ 5 ಡಿಗ್ರಿ ಚಳಿಯಲ್ಲಿ 30 ಕಿ.ಮೀ. ವೇಗಕ್ಕೆ ಸೊನ್ನೆ ಡಿಗ್ರಿಯಂತೆ, 50 ಕಿ.ಮೀ. ವೇಗಕ್ಕೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿರುವಂತೆ ಅನ್ನಿಸುತ್ತದೆ. ಅದೂ ಒಣ ಚರ್ಮಕ್ಕೆ. ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಿದ್ದರೆ ಇನ್ನೂ ಕೆಟ್ಟದು, ಯಾಕೆಂದರೆ ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ.

ಬೆರಳು ಮರಗಟ್ಟಿದ್ದಕ್ಕೂ ಇದೇ ಕಾರಣ ಇರಬಹುದು. ಎದೆ, ಹೊಟ್ಟೆ ತಣ್ಣಗಾದರೆ ಮೈ ಮೊದಲು ಕೈಕಾಲಿನ ರಕ್ತ ಕಡಿಮೆ ಮಾಡುತ್ತದೆ. ಆಗ ಎಷ್ಟು ದಪ್ಪ ಗ್ಲೌಸ್ ಹಾಕಿದರೂ ಪ್ರಯೋಜನ ಕಡಿಮೆ.

ಅದಕ್ಕೇ ನನ್ನ ಉತ್ತರ ಸಾಫ್ಟ್‌ಶೆಲ್. ಎದುರಿಗೆ ಗಾಳಿ ತಡೆಯುವ ಬಟ್ಟೆ, ಬೆನ್ನಿಗೆ ಮತ್ತು ಕಂಕುಳಿಗೆ ಬೆವರಿನ ಆವಿ ಹೊರಗೆ ಬಿಡುವ ಬಟ್ಟೆ, ಸಣ್ಣ ಮಳೆಯನ್ನು ಅರ್ಧ ಗಂಟೆ ತಡೆದರೆ ಸಾಕು. 2013ರ ಮಿಲಾನ್–ಸಾನ್ ರೆಮೋ ರೇಸ್ ನೆನಪಿದೆಯಾ? ಹಿಮ ಬಿದ್ದು ನಡುವೆ ಸವಾರರನ್ನು ಬಸ್ಸಿನಲ್ಲಿ ಸಾಗಿಸಿದ ರೇಸ್ ಅದು. ಆ ದಿನ ಬೇರೆ ಬೇರೆ ತಂಡದವರು ತಮ್ಮ ತಂಡದ ಜಾಕೆಟ್ ಬಿಟ್ಟು ಕ್ಯಾಸ್ಟೆಲ್ಲಿ ಕಂಪನಿಯ ಗಾಬ್ಬಾ ಅನ್ನುವ ಸಾಫ್ಟ್‌ಶೆಲ್ ಹಾಕಿಕೊಂಡಿದ್ದರು, ಕೆಲವರು ಲೋಗೋ ಮೇಲೆ ಕಪ್ಪು ಬಳಿದುಕೊಂಡಿದ್ದರು. ಗಾಬ್ಬಾ ಪೂರ್ತಿ ವಾಟರ್‌ಪ್ರೂಫ್ ಅಲ್ಲವೇ ಅಲ್ಲ. ಗಾಳಿ ತಡೆಯುತ್ತದೆ, ಮೈಗೆ ಅಂಟಿ ಕೂರುತ್ತದೆ, ನೆನೆದರೂ ಬೆಚ್ಚಗಿಡುತ್ತದೆ. ಜೋರಾಗಿ ಪೆಡಲ್ ಮಾಡುವವರಿಗೆ ಬೇಕಾದದ್ದು ಅಷ್ಟೇ.

ನೂಲು_ನೇಯ್ಗೆ

ನಂಬರ್ ಬಗ್ಗೆ ಕೇಳಿದ್ದೀರಿ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ.

10,000 ಮಿ.ಮೀ. ಅಂದರೆ ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಹತ್ತು ಮೀಟರ್ ಎತ್ತರದವರೆಗೆ ಸೋರುವುದಿಲ್ಲ ಅಂತ. ಸೈಕಲ್ ಮೇಲೆ ಕೂತವನಿಗೆ ಅಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಬೆನ್ನಿಗೆ ಬ್ಯಾಗ್ ಹಾಕಿದರೆ ಭುಜದ ಪಟ್ಟಿ ಒತ್ತುವ ಜಾಗದಲ್ಲಿ ಒತ್ತಡ ಜಾಸ್ತಿ ಆಗುತ್ತದೆ, ಅಂಥವರು 20,000 ನೋಡಬಹುದು. ಆದರೆ ಇದು ಬಟ್ಟೆಯ ತುಂಡಿಗೆ ಮಾಡಿದ ಪರೀಕ್ಷೆ. ಜಾಕೆಟ್ ಸೋರುವುದು ಬಟ್ಟೆಯಲ್ಲಿ ಅಲ್ಲ, ಹೊಲಿಗೆಯಲ್ಲಿ, ಜಿಪ್‌ನಲ್ಲಿ, ಕತ್ತಿನ ಪಟ್ಟಿಯಲ್ಲಿ. ಒಳಗೆ ತಿರುಗಿಸಿ ನೋಡಿ, ಹೊಲಿಗೆಯ ಮೇಲೆಲ್ಲ ಟೇಪ್ ಅಂಟಿಸಿದ್ದಾರಾ? ಇಲ್ಲದಿದ್ದರೆ 20,000 ಅಂತ ಬರೆದಿದ್ದರೂ ಅದು ಜೋರು ಮಳೆಯ ಜಾಕೆಟ್ ಅಲ್ಲ.

ಇನ್ನೊಂದು ನಂಬರ್ ಇರುತ್ತದೆ, ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಗೆ ಹೋಗುತ್ತದೆ ಅಂತ. ಅದನ್ನು ಅಳೆಯುವ ವಿಧಾನ ಹಲವು ಇವೆ, ಒಂದು ಕಂಪನಿಯ 20,000 ಮತ್ತು ಇನ್ನೊಂದು ಕಂಪನಿಯ 20,000 ಒಂದೇ ಅಲ್ಲ. ಆರ್‌ಇಟಿ ಅಂತ ಕೊಟ್ಟಿದ್ದರೆ ಅದನ್ನು ನೋಡಿ. ಅದು ಬೆವರಿನ ಆವಿಗೆ ಬಟ್ಟೆ ಒಡ್ಡುವ ತಡೆ, ಕಡಿಮೆ ಇದ್ದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ತುಂಬಾ ಚೆನ್ನಾಗಿದೆ, 20 ದಾಟಿದರೆ ಏರಿನಲ್ಲಿ ಉಸಿರುಗಟ್ಟಿದ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೂ, ಯಾವ ಮೆಂಬ್ರೇನ್ (ನೀರು ತಡೆದು ಆವಿ ಬಿಡುವ ತೆಳು ಹಾಳೆ) ಆದರೂ ಒಂದು ಮಿತಿ ದಾಟಿದ ಬೆವರನ್ನು ಹೊರಗೆ ಹಾಕಲಾರದು. ಗೋರ್‌ಟೆಕ್ಸ್ ಅನ್ನುವ ಹೆಸರಾಂತ ಮೆಂಬ್ರೇನ್‌ಗೆ ಮೂಲವಾದ ಹಿಗ್ಗಿಸಿದ ಪಿಟಿಎಫ್‌ಇ (ಟೆಫ್ಲಾನ್ ಪ್ಲಾಸ್ಟಿಕ್) ಹಾಳೆಯನ್ನು ಬಾಬ್ ಗೋರ್ 1969ರಲ್ಲಿ ಕಂಡುಹಿಡಿದರು, ಅಲ್ಲಿಂದ ಇಲ್ಲಿಯವರೆಗೆ ಬಟ್ಟೆ ಎಷ್ಟೋ ಸುಧಾರಿಸಿದೆ. ಆದರೂ ಕಂಕುಳಲ್ಲಿ ಒಂದು ಜಿಪ್ ತೆರೆದರೆ ಸಿಗುವ ಗಾಳಿಯ ಮುಂದೆ ಅದು ಕಡಿಮೆಯೇ.

ದಿನಾ_ಸೈಕಲ್

ಮೇಲಿನವರ ಮಾತಿಗೆ ನನ್ನದು ಸ್ವಲ್ಪ ವಿರೋಧ ಇದೆ. ರೇಸ್ ಮಾಡುವವರ ಲೆಕ್ಕ ಬೇರೆ, ದಿನಾ ಕೆಲಸಕ್ಕೆ ಹೋಗುವವರ ಲೆಕ್ಕ ಬೇರೆ. ರೇಸ್‌ನವರಿಗೆ ಹಿಂದೆ ತಂಡದ ಕಾರು ಬರುತ್ತದೆ, ಒಣ ಬಟ್ಟೆ ಇರುತ್ತದೆ. ನಾವು ನೆನೆದುಕೊಂಡು ಹೋಗಿ ಅದೇ ಬಟ್ಟೆಯಲ್ಲಿ ಸಂಜೆ ವಾಪಸ್ ಬರಬೇಕು, ಅಷ್ಟು ಹೊತ್ತಿಗೆ ಸಾಫ್ಟ್‌ಶೆಲ್ ಒಣಗಿರುವುದಿಲ್ಲ. ಬೆಳಿಗ್ಗೆ ಒದ್ದೆಯಾದ ದಪ್ಪ ಜಾಕೆಟ್ಟನ್ನು ಸಂಜೆ ಮತ್ತೆ ಹಾಕಿಕೊಳ್ಳುವ ಕಷ್ಟ ಏನು ಅಂತ ಎರಡು ಚಳಿಗಾಲ ಅನುಭವಿಸಿದ್ದೇನೆ.

ನಾನು ಈಗ ಬಳಸುವುದು ಮೂರು ಪದರದ ತೆಳು ಹಾರ್ಡ್‌ಶೆಲ್, ಕಂಕುಳಿನಿಂದ ಪಕ್ಕೆಯವರೆಗೆ ಜಿಪ್ ಇರುವುದು. ಕೊಡವಿ ನೇತು ಹಾಕಿದರೆ ಬೇಗ ಒಣಗುತ್ತದೆ. ಅದರಲ್ಲಿ ಬೆಚ್ಚನೆ ಇಲ್ಲ, ಗಾಳಿ ನೀರು ತಡೆಯುವುದಷ್ಟೇ ಅದರ ಕೆಲಸ. ಬೆಚ್ಚನೆ ಒಳಗಿನ ಬಟ್ಟೆಯಿಂದ ಬರಬೇಕು. 3 ಡಿಗ್ರಿಗೆ ಮೆರಿನೋ ಉಣ್ಣೆಯ ಬೇಸ್ ಲೇಯರ್ (ಮೈಗೆ ತಾಗುವ ಒಳಬಟ್ಟೆ) ಮತ್ತು ತೆಳು ಫ್ಲೀಸ್, 12 ಡಿಗ್ರಿಗೆ ಬರೀ ಜೆರ್ಸಿ. ಜಾಕೆಟ್ ಅದೇ. ಒಂದೇ ಜಾಕೆಟ್ ಬೇಕು ಅಂತ ನೀವು ಕೇಳಿದ್ದೀರಲ್ಲ, ಹಾಗಿದ್ದರೆ ಬೆಚ್ಚನೆಯನ್ನೂ ಮಳೆ ತಡೆಯುವುದನ್ನೂ ಒಂದೇ ಬಟ್ಟೆಯಲ್ಲಿ ಹುಡುಕಬೇಡಿ. ಎರಡನ್ನೂ ಸೇರಿಸಿದ ದಪ್ಪ ಜಾಕೆಟ್ 5 ಡಿಗ್ರಿಗೆ ಸ್ವರ್ಗ, 12 ಡಿಗ್ರಿಗೆ ಕುಲುಮೆ.

ಹತ್ತಿ ಬನಿಯನ್ ಮಾತ್ರ ಇವತ್ತೇ ಬಿಡಿ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿಡುವುದಿಲ್ಲ. ನಿಮ್ಮ ಅರ್ಧ ತೊಂದರೆ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಬೆಳಗಿನ_ಸವಾರ

ಹೌದು, ನಾನು ಹಾಕುತ್ತಿದ್ದದ್ದು ಹತ್ತಿ ಬನಿಯನ್ನೇ. ಇದು ಇಷ್ಟು ಮುಖ್ಯ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಇನ್ನೊಂದು ಕೇಳಬೇಕಿತ್ತು. ಅಂಗಡಿಯಲ್ಲಿ ಒಂದು ಹಾಕಿ ನೋಡಿದೆ, ನಿಂತಾಗ ಹೊಟ್ಟೆ ಹತ್ತಿರ ಬಿಗಿ, ತೋಳು ಉದ್ದ, ಮುಂದುಗಡೆ ಗಿಡ್ಡ. ಒಂದು ಸೈಜ್ ದೊಡ್ಡದು ತಗೋಬೇಕಾ?

ಹಳೇ_ಚೈನು

ಬೇಡ, ಅವಸರ ಮಾಡಬೇಡಿ. ಸೈಕ್ಲಿಂಗ್ ಜಾಕೆಟ್ ನಿಂತವನಿಗೆ ಹೊಲಿದಿರುವುದಿಲ್ಲ, ಬಾಗಿ ಕೂತವನಿಗೆ ಹೊಲಿದಿರುತ್ತಾರೆ. ಅದಕ್ಕೇ ಮುಂದೆ ಗಿಡ್ಡ, ಹಿಂದೆ ಉದ್ದ, ತೋಳು ಉದ್ದ. ಅಂಗಡಿಯಲ್ಲಿ ಒಂದು ಕುರ್ಚಿಯ ಮೇಲೆ ಕೂತು, ಮುಂದೆ ಬಾಗಿ, ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಚಾಚಿ. ಮಣಿಕಟ್ಟು ಹೊರಗೆ ಕಾಣಬಾರದು, ಸೊಂಟದ ಹಿಂದೆ ಗಾಳಿ ನುಗ್ಗಬಾರದು, ಬೆನ್ನಿನ ನಡುವೆ ಎಳೆಯಬಾರದು. ಇದನ್ನೆಲ್ಲ ಚಳಿಗಾಲದಲ್ಲಿ ಹಾಕುವ ಒಳಬಟ್ಟೆ ಹಾಕಿಕೊಂಡೇ ನೋಡಿ. ಒಂದು ಸೈಜ್ ದೊಡ್ಡದು ತಗೊಂಡರೆ ಜಾಕೆಟ್ ಪಟಪಟ ಹೊಡೆದುಕೊಳ್ಳುತ್ತದೆ, ಬೆಚ್ಚಗಿನ ಗಾಳಿ ಒಳಗೆ ನಿಲ್ಲುವುದಿಲ್ಲ, ಒಳಗಿನ ಬಟ್ಟೆ ಬೆವರು ಸಾಗಿಸುವುದೂ ಕಡಿಮೆ ಆಗುತ್ತದೆ.

ಜಿಪ್ ಕೆಳಗಿನಿಂದಲೂ ತೆರೆಯುವಂತಿರಲಿ. ಇದನ್ನು ಜನ ಗಮನಿಸುವುದೇ ಇಲ್ಲ, ಆದರೆ ಏರಿನಲ್ಲಿ ಕೆಳಗಿನಿಂದ ಒಂದು ಗೇಣು ತೆರೆದರೆ ಹೊಟ್ಟೆಗೆ ಗಾಳಿ ಬರುತ್ತದೆ, ಎದೆ ಬೆಚ್ಚಗೇ ಇರುತ್ತದೆ. ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ ಜಿಪ್ ಎಳೆಯಲು ಬರುತ್ತದಾ ಅಂತಲೂ ನೋಡಿ. ಸುಮ್ನೆ ಸಣ್ಣ ವಿಷಯ ಅನ್ನಿಸುತ್ತೆ, ಆದರೆ ಜಿಪ್ ಎಳೆಯೋಕೆ ಪ್ರತಿ ಸಲ ನಿಲ್ಲಬೇಕು ಅಂದರೆ ನೀವು ನಿಲ್ಲಲ್ಲ, ಬೆವರುತ್ತಲೇ ಹೋಗುತ್ತೀರಿ.

ಬಣ್ಣ ತಿಳಿಯಾಗಿರಲಿ, ಹಿಂದೆ ರಿಫ್ಲೆಕ್ಟರ್ ಇರಲಿ. ಕತ್ತಲಲ್ಲಿ ಜಾಕೆಟ್‌ಗಿಂತ ಕಾಲಿನ ಹರಡಿಗೆ ಕಟ್ಟಿದ ರಿಫ್ಲೆಕ್ಟರ್ ಪಟ್ಟಿ ಬೇಗ ಕಣ್ಣಿಗೆ ಬೀಳುತ್ತದೆ, ಮೇಲೆ ಕೆಳಗೆ ಆಡುವುದರಿಂದ ಸೈಕಲ್ ಅಂತ ಡ್ರೈವರ್‌ಗೆ ಗೊತ್ತಾಗುತ್ತದೆ.

ಹೊರಡುವಾಗ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಆಗಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿ ಆಯಿತು ಅಂತ ಅರ್ಥ.

ನೂಲು_ನೇಯ್ಗೆ

ಒಂದು ಸೇರಿಸುತ್ತೇನೆ. ಯಾವುದೇ ಜಾಕೆಟ್ ತಗೊಂಡರೂ ಒಗೆಯಿರಿ. ಒಗೆದರೆ ಹಾಳಾಗುತ್ತೆ ಅಂತ ತಿಂಗಳುಗಟ್ಟಲೆ ಹಾಗೇ ಇಡುವವರೇ ಜಾಸ್ತಿ. ಹೊರಪದರದ ಮೇಲೆ ನೀರು ಮುತ್ತಿನಂತೆ ಉರುಳುವ ಹಾಗೆ ಒಂದು ಲೇಪ ಇರುತ್ತದೆ, ಡಿಡಬ್ಲ್ಯುಆರ್ ಅಂತಾರೆ. ಬೆವರಿನ ಉಪ್ಪು, ಎಣ್ಣೆ, ರಸ್ತೆಯ ಕೊಳೆ ಸೇರಿ ಅದು ಕೆಲಸ ನಿಲ್ಲಿಸಿದರೆ ಹೊರಬಟ್ಟೆ ನೀರು ಕುಡಿಯುತ್ತದೆ. ಆಗ ಮೆಂಬ್ರೇನ್ ಸೋರದೇ ಇದ್ದರೂ ಬೆವರು ಹೊರಗೆ ಹೋಗದೆ ಒಳಗೆ ಒದ್ದೆ. ಜಾಕೆಟ್ ಸೋರುತ್ತಿದೆ ಅಂತ ಜನ ಎಸೆಯುವುದು ಇಂಥದ್ದನ್ನೇ. ಪಿಎಫ್‌ಎಎಸ್ (ಪರಿಸರದಲ್ಲಿ ಸುಲಭವಾಗಿ ಕರಗದ ಫ್ಲೋರಿನ್ ರಾಸಾಯನಿಕಗಳು) ಇಲ್ಲದ ಈಗಿನ ಲೇಪಗಳು ಪರಿಸರಕ್ಕೆ ಒಳ್ಳೆಯದು, ಆದರೆ ಎಣ್ಣೆ ಕೊಳೆಯನ್ನು ಹಳೆಯವುಗಳಷ್ಟು ತಡೆಯುವುದಿಲ್ಲ, ಅದಕ್ಕೆ ಇನ್ನೂ ಬೇಗ ಒಗೆಯಬೇಕು.

ಫ್ಯಾಬ್ರಿಕ್ ಸಾಫ್ಟ್‌ನರ್ ಮಾತ್ರ ಹಾಕಲೇಬೇಡಿ. ಸೋಪು ಪೂರ್ತಿ ಹೋಗುವಂತೆ ಎರಡು ಸಲ ಜಾಲಿಸಿ. ಲೇಬಲ್‌ನಲ್ಲಿ ಡ್ರೈಯರ್ ಗುರುತು ಇದ್ದರೆ ಕಡಿಮೆ ಬಿಸಿಯಲ್ಲಿ 20 ನಿಮಿಷ ಹಾಕಿ, ಲೇಪ ಮತ್ತೆ ಜೀವ ಪಡೆಯುತ್ತದೆ.

ಬೆಳಗಿನ_ಸವಾರ

ಎರಡು ವಾರ ಆಯಿತು, ಏನು ಮಾಡಿದೆ ಅಂತ ಹೇಳಬೇಕಲ್ವಾ.

ಕೊನೆಗೆ ಕಂಕುಳಲ್ಲಿ ಜಿಪ್ ಇರುವ ತೆಳು ಹಾರ್ಡ್‌ಶೆಲ್ ತಗೊಂಡೆ, ಎರಡೂ ಕಡೆಯಿಂದ ತೆರೆಯುವ ಜಿಪ್, ನನ್ನ ಸರಿಯಾದ ಸೈಜ್. ಒಳಗೆ ಮೆರಿನೋ ಬೇಸ್ ಲೇಯರ್. ಏರುದಾರಿ ಅವರ ಮಾತನ್ನೂ ಬಿಟ್ಟಿಲ್ಲ: ಭಾನುವಾರ ಏರಿನಲ್ಲಿ ಜಾಕೆಟ್ ತೆಗೆದು ಹಿಂದಿನ ಜೇಬಿಗೆ ಹಾಕಿದೆ, ಗಾಳಿ ತಡೆಯುವ ತೋಳಿಲ್ಲದ ಜಿಲೇ ಒಂದನ್ನೇ ಹಾಕಿಕೊಂಡು ಹತ್ತಿದೆ. ಅದು ಮನೆಯಲ್ಲಿ ಮೊದಲೇ ಇತ್ತು, ನೆನಪೇ ಇರಲಿಲ್ಲ. ತುದಿಯಲ್ಲಿ ನಿಂತು ಬೆವರು ಒರೆಸಿಕೊಂಡು ಅದರ ಮೇಲೆ ಜಾಕೆಟ್ ಹಾಕಿ ಜಿಪ್ ಕತ್ತಿನವರೆಗೆ ಎಳೆದೆ.

ಇಳಿಯುವಾಗ ಸಣ್ಣಗೆ ಮಳೆ ಬಂತು, 6 ಡಿಗ್ರಿ ಇತ್ತು. ಮೂಗು, ಗಲ್ಲ ಮರಗಟ್ಟಿತು, ಆದರೆ ಎದೆ ಬೆಚ್ಚಗಿತ್ತು. ಕೆಳಗಿನ ಕಡಿದಾದ ತಿರುವಿನಲ್ಲಿ ಎರಡೂ ಬ್ರೇಕ್ ಸಲೀಸಾಗಿ ಹಿಡಿದೆ. ಮೊಣಕೈ ಹತ್ತಿರ ಮಾತ್ರ ತೋಳಿನ ಒಳಗೆ ಸ್ವಲ್ಪ ತೇವ ನಿಲ್ಲುತ್ತದೆ, ಅಲ್ಲಿ ಜಿಪ್‌ನ ಗಾಳಿ ತಲುಪಲ್ಲ ಅನ್ನಿಸುತ್ತೆ. ಅದಕ್ಕೆ ತೋಳು ಉದ್ದದ ಬೇಸ್ ಲೇಯರ್ ಹಾಕಿದರೆ ಸರಿ ಹೋಗುತ್ತಾ, ಇಲ್ಲಾ ಗಿಡ್ಡ ತೋಳೇ ವಾಸಿನಾ?

ದಿನಾ_ಸೈಕಲ್

ಉದ್ದ ತೋಳಿನದೇ ಹಾಕಿ. ಮೆಂಬ್ರೇನ್ ಬರಿ ಚರ್ಮಕ್ಕೆ ತಾಗಿದರೆ ಅಂಟುತ್ತದೆ, ತಣ್ಣಗೂ ಆಗುತ್ತದೆ. ನಡುವೆ ತೆಳು ಬಟ್ಟೆ ಇದ್ದರೆ ತೇವವನ್ನು ಅದು ಹರಡಿಕೊಳ್ಳುತ್ತದೆ. ಏರಿನಲ್ಲಿ ಮಣಿಕಟ್ಟಿನ ಪಟ್ಟಿ ಸಡಿಲ ಮಾಡಿ, ಇಳಿಯುವ ಮುಂಚೆ ಬಿಗಿ ಮಾಡಿ.