‘ದರಿಯಾ ದೌಲತ್’ ಅಂದರೆ ‘ಕಡಲ ಸಂಪತ್ತು’ ಹೌದೇ?

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆಯ ಹೆಸರನ್ನು ‘ಕಡಲ ಸಂಪತ್ತು’ ಎಂದೇ ಬಿಡಿಸುತ್ತಾರೆ. ಕಾವೇರಿ ದಡಕ್ಕೆ ಕಡಲು ಎಲ್ಲಿಂದ ಬಂತು? ನಮ್ಮ ‘ದೌಲತ್ತು’ ಇದೇ ಪದವೇ?

ಉತ್ತರ 1: ಪಾರಸಿಯ ‘ದರಿಯಾ’ ಕಡಲೂ ಹೌದು, ದೊಡ್ಡ ಹೊಳೆಯೂ ಹೌದು, ಮಧ್ಯ ಏಷ್ಯಾದ ಅಮು ದರಿಯಾ ನದಿಯೇ. ಹಿಂದೂಸ್ತಾನಿಯಲ್ಲಂತೂ ಹೊಳೆ ಅನ್ನುವ ಅರ್ಥವೇ ಮುಂದು. ತೊಡಕಿರುವುದು ಸಮಾಸದಲ್ಲಿ. ‘ಕಡಲ ಸಂಪತ್ತು’ ಆಗಬೇಕಿದ್ದರೆ ಪಾರಸಿಯಲ್ಲಿ ಪದಗಳು ತಿರುವುಮುರುವಾಗಿ, ನಡುವೆ ‘ಎ’ ಸೇರಿ, ‘ದೌಲತ್-ಎ-ದರಿಯಾ’ ಎಂದಿರಬೇಕಿತ್ತು. ಬೆಂಗಳೂರು ಕೋಟೆಯ ಅರಮನೆ ನೋಡಿ (ಹೈದರಲಿ 1781ರಲ್ಲಿ ಶುರುಮಾಡಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು). ಅದಕ್ಕೆ ‘ರಷ್ಕ್-ಎ-ಜನ್ನತ್’ ಎಂಬ ಬಿರುದಿದೆ: ಸ್ವರ್ಗಕ್ಕೇ ಹೊಟ್ಟೆಕಿಚ್ಚು ಬರಿಸುವಂಥದ್ದು. ಅಲ್ಲಿ ‘ಎ’ ಇದೆ, ಇಲ್ಲಿಲ್ಲ. ಹಾಗಾಗಿ ಇದು ‘ದರಿಯಾದಿಲ್’ (ಕಡಲಿನಂಥ ಮನಸ್ಸಿನವನು, ಉದಾರಿ) ಜಾತಿಯ ಪದ, ನಮ್ಮ ‘ಕಮಲಾಕ್ಷಿ’ಯ ಹಾಗೆ ಬಹುವ್ರೀಹಿ. ಪೂರ್ತಿ ಹೆಸರು ‘ದರಿಯಾ ದೌಲತ್ ಬಾಗ್’, ಅಂದರೆ ಕಡಲಿನಷ್ಟು ಸಿರಿಯುಳ್ಳ ತೋಟ. ಹೆಸರು ಮೊದಲು ತೋಟದ್ದು, ಆಮೇಲೆ ಕಟ್ಟಡದ್ದು.

‘ದೌಲತ್ತು’ ಇದೇ ಪದ. ಅರಬ್ಬಿಯಲ್ಲಿ ರಾಜ್ಯ, ಪಾರಸಿಯಲ್ಲಿ ಐಶ್ವರ್ಯವೂ ಸೇರಿತು. ಕನ್ನಡಕ್ಕೆ ಬರುವಷ್ಟರಲ್ಲಿ ಅಧಿಕಾರದ ಜಂಬವಾಯಿತು. ‘ನಿನ್ನ ದೌಲತ್ತು ನಿನ್ನ ಮನೇಲಿಟ್ಕೊ’ ಅನ್ನುವಾಗ ಸಿರಿಯ ಸುಳಿವೂ ಇಲ್ಲ.

ಉತ್ತರ 2: ಮೇಲಿನ ವಿವರಣೆ ಸರಿ. ‘ಬೇಸಿಗೆ ಅರಮನೆ’ ಬಗ್ಗೆ ಒಂದು ಮಾತು. ಇದು ಇಂಗ್ಲಿಷಿನಿಂದ ಇಳಿಸಿಕೊಂಡ ಪದ, ಆದರೂ ಕಟ್ಟಡಕ್ಕೆ ಒಪ್ಪುತ್ತದೆ. ಎತ್ತರದ ಜಗತಿ, ನಾಲ್ಕೂ ಸುತ್ತ ತೆರೆದ ಪಡಸಾಲೆ, ಅಂಚಿನಲ್ಲಿ ತೇಗದ ಕಂಬಗಳ ಸಾಲು. ಬಿಸಿಲು ಒಳಗೋಡೆಯವರೆಗೆ ಸುಲಭವಾಗಿ ಮುಟ್ಟದು. ನಡುವಿನ ಹಜಾರ ಪೂರ್ವ-ಪಶ್ಚಿಮ ಪಡಸಾಲೆಗಳನ್ನು ಕೂಡಿಸುವುದರಿಂದ ಗಾಳಿಗೆ ದಾರಿಯೂ ಇದೆ. ನಾಲ್ಕು ಮೆಟ್ಟಿಲುಗಳನ್ನು ಅಡ್ಡಗೋಡೆಗಳೊಳಗೇ ಅಡಗಿಸಿದ್ದಾರೆ, ಹುಡುಕಿದರಷ್ಟೇ ಕಣ್ಣಿಗೆ ಬೀಳುತ್ತವೆ. ಬರೆಯುವವರು ಈ ಸುತ್ತುಪಡಸಾಲೆಯನ್ನು ‘ಕಾರಿಡಾರ್’ ಅನ್ನುವುದು ಬಿಟ್ಟರೆ ಒಳ್ಳೆಯದು. ಅದು ಬರೀ ಓಡಾಡುವ ದಾರಿಯಲ್ಲ. ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕಾಳಗ, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾನಿ ಕರ್ನಲ್ ಬೇಯ್ಲಿ, ಈ ಚಿತ್ರಗಳೆಲ್ಲ ಇರುವುದು ಪಶ್ಚಿಮ ಪಡಸಾಲೆಯ ಗೋಡೆಯ ಮೇಲೆ.

ಇನ್ನು ‘ಬಾಗ್’ಗೆ ಮಹಾಪ್ರಾಣ ಬೇಡ. ‘ಭಾಗ್’ ಎಂದು ಬರೆದರೆ ತೋಟ ಹೋಗಿ ಪಾಲು ಬರುತ್ತದೆ. ಲಾಲ್‌ಬಾಗಿಗೂ ಇದೇ ಮಾತು.